ಬಾಲದಲ್ಲಿ ಇಕ್ಕಳ ಇರುವ ಹುಳ ಕಿವಿಯಿಂದ ಮಿದುಳಿಗೆ ಹೋಗುತ್ತದೆಯೇ? ಭಯ ಎಷ್ಟು, ನಿಜ ಎಷ್ಟು?

ಮಳೆಗಾಲ ಶುರುವಾದರೆ ಸಾಕು, ಬಚ್ಚಲಿನ ಮೂಲೆಯಿಂದ ಹುಳಗಳು ಹೊರಬರುತ್ತವೆ, ಮೊಬೈಲಿನಿಂದ ಆ ಹುಳಗಳ ಬಗ್ಗೆ ಸಂದೇಶಗಳು ಹೊರಬರುತ್ತವೆ. ಅಂಥ ಸಂದೇಶಗಳಲ್ಲಿ ಒಂದು ಬಗೆ ಹೀಗಿರುತ್ತದೆ: ಕಂದು ಬಣ್ಣದ, ಉದ್ದ ಮೈಯ, ಹಿಂಭಾಗದಲ್ಲಿ ಇಕ್ಕಳದಂಥ ಕೊಂಡಿ ಇರುವ ಹುಳದ ಚಿತ್ರ. ಕೆಳಗೆ ಎಚ್ಚರಿಕೆ: ‘ಇದು ರಾತ್ರಿ ಮಲಗಿದವರ ಕಿವಿಗೆ ಹೊಕ್ಕು, ತಮಟೆ ಕೊರೆದು, ಮಿದುಳಿನಲ್ಲಿ ಮೊಟ್ಟೆ ಇಡುತ್ತದೆ. ಎಲ್ಲರಿಗೂ ಕಳಿಸಿ.’

ಚಿತ್ರದಲ್ಲಿರುವ ಹುಳ ನಿಜ, ಕಥೆ ಸುಳ್ಳು. ಆದರೆ ಆ ಕಥೆ ನಂಬಿ ಜನ ಮಾಡುವ ಕೆಲವು ಕೆಲಸಗಳು ಮಾತ್ರ ನಿಜಕ್ಕೂ ಅಪಾಯಕಾರಿ. ಕಿವಿಗೆ ಸೀಮೆಎಣ್ಣೆ ಬಿಡುವುದು, ಹೇರ್‌ಪಿನ್ ಹಾಕಿ ಕೆದಕುವುದು, ಮಕ್ಕಳು ಮಲಗುವ ಕೋಣೆಗೆ ಕೀಟನಾಶಕ ಹೊಡೆಯುವುದು ಇವೆಲ್ಲ ಆ ಹುಳಕ್ಕಿಂತ ಎಷ್ಟೋ ಪಾಲು ಹೆಚ್ಚು ಹಾನಿ ಮಾಡುತ್ತವೆ. ಆದ್ದರಿಂದ ಈ ಹುಳ ಯಾವುದು, ಕಿವಿಗೆ ನಿಜವಾಗಿಯೂ ಹುಳ ಹೋದರೆ ಏನು ಮಾಡಬೇಕು, ಮನೆಯಿಂದ ಇದನ್ನು ದೂರ ಇಡುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಯಾವ ಹುಳ?

ಇಂಗ್ಲಿಷಿನಲ್ಲಿ ಇದಕ್ಕೆ ‘ಇಯರ್‌ವಿಗ್’ ಎನ್ನುತ್ತಾರೆ. ಅರ್ಥ ತೆಗೆಯಲು ಅನುಕೂಲವಾಗಲಿ ಎಂದು ಈ ಬರಹದಲ್ಲಿ ‘ಇಕ್ಕಳ ಹುಳ’ ಎಂದೇ ಕರೆಯೋಣ.

ವಿಜ್ಞಾನಿಗಳು ಇದನ್ನು ಡರ್ಮಾಪ್ಟೆರಾ ಎಂಬ ಕೀಟವರ್ಗದಲ್ಲಿ ಇಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ‘ಚರ್ಮದಂಥ ರೆಕ್ಕೆ’. ಜಗತ್ತಿನಲ್ಲಿ ಸುಮಾರು 2,000 ಜಾತಿಯ ಇಕ್ಕಳ ಹುಳಗಳಿವೆ. ಹೆಚ್ಚಿನವು ಒಂದರಿಂದ ಎರಡೂವರೆ ಸೆಂಟಿಮೀಟರ್ ಉದ್ದ ಇರುತ್ತವೆ. ಕಂದು ಅಥವಾ ಕಪ್ಪು ಬಣ್ಣ, ಚಪ್ಪಟೆ ಮೈ, ಆರು ಕಾಲು, ತಲೆಯಲ್ಲಿ ಎರಡು ಮೀಸೆ, ಹಿಂಭಾಗದಲ್ಲಿ ಎರಡು ಕೊಂಡಿ.

ಕೆಲವು ಜಾತಿಗಳಿಗೆ ರೆಕ್ಕೆಯೇ ಇಲ್ಲ. ಇರುವ ಜಾತಿಗಳಲ್ಲಿ ಆ ರೆಕ್ಕೆ ಒಂದು ಸೋಜಿಗ. ಬೆನ್ನ ಮೇಲಿನ ಪುಟ್ಟ ಚರ್ಮದ ಮುಚ್ಚಳದ ಕೆಳಗೆ ಕಾಗದದ ದೋಣಿಯ ಹಾಗೆ ಮಡಿಕೆ ಮಡಿಕೆಯಾಗಿ ರೆಕ್ಕೆ ಅಡಗಿರುತ್ತದೆ. ಬಿಚ್ಚಿದರೆ ಮಡಚಿದಾಗಿನ ಹತ್ತು ಪಟ್ಟಿಗೂ ಹೆಚ್ಚು ಅಗಲವಾಗುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಎಂಜಿನಿಯರುಗಳು ಈ ಮಡಿಕೆಯ ಗುಟ್ಟನ್ನು ಅಧ್ಯಯನ ಮಾಡಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ತಾನಾಗಿ ಬಿಚ್ಚಿಕೊಂಡು ತಾನಾಗಿ ಮಡಚಿಕೊಳ್ಳುವ ಉಪಕರಣಗಳನ್ನು ತಯಾರಿಸಲು ಈ ಹುಳವೇ ಅವರಿಗೆ ಮಾದರಿ.

ಆ ಕೊಂಡಿ ಯಾಕೆ? ಕುಟುಕುತ್ತದೆಯೇ?

ನೋಡಲು ಚೇಳಿನ ನೆನಪಾಗುತ್ತದೆ ನಿಜ. ಆದರೆ ಇದರ ಕೊಂಡಿಯಲ್ಲಿ ವಿಷವಿಲ್ಲ, ಮುಳ್ಳಿಲ್ಲ, ವಿಷದ ಚೀಲವೂ ಇಲ್ಲ. ಸಣ್ಣ ಬೇಟೆಯನ್ನು ಹಿಡಿಯಲು, ಇರುವೆಯಂಥ ಶತ್ರುಗಳನ್ನು ಓಡಿಸಲು, ಸಂಗಾತಿಯ ಜತೆ ಕೂಡಲು, ಕೆಲವು ಜಾತಿಗಳಲ್ಲಿ ರೆಕ್ಕೆ ಮಡಚಿಕೊಳ್ಳಲು ಇದನ್ನು ಬಳಸುತ್ತದೆ. ಸಾಮಾನ್ಯವಾಗಿ ಗಂಡಿನ ಕೊಂಡಿ ಬಾಗಿರುತ್ತದೆ, ಹೆಣ್ಣಿನದು ನೆಟ್ಟಗಿರುತ್ತದೆ.

ಕೈಯಲ್ಲಿ ಹಿಡಿದು ಒತ್ತಿದರೆ ಚಿವುಟಬಹುದು. ಸಣ್ಣ ಬಟ್ಟೆ ಕ್ಲಿಪ್ಪು ಹಿಡಿದಷ್ಟು ಅನಿಸಬಹುದು, ರಕ್ತ ಬರುವುದು ತೀರಾ ಅಪರೂಪ. ಚಿವುಟಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆದರೆ ಸಾಕು. ಕೆಲವು ಜಾತಿಗಳು ಹೆದರಿದಾಗ ಕೆಟ್ಟ ವಾಸನೆಯ ದ್ರವ ಬಿಡುತ್ತವೆ. ವಾಸನೆ ಹೇಸಿಗೆ ಎನಿಸಬಹುದು, ಅಷ್ಟೆ. ಸೊಳ್ಳೆಯ ಹಾಗೆ ಇದು ರಕ್ತ ಹೀರುವುದಿಲ್ಲ, ಮನುಷ್ಯರಿಗೆ ರೋಗ ಹರಡುವುದಿಲ್ಲ. ಗೆದ್ದಲಿನ ಹಾಗೆ ಮರ ತಿನ್ನುವುದೂ ಇಲ್ಲ.

ಕಿವಿಯ ಕಥೆ ಎಲ್ಲಿಂದ ಬಂತು?

ಈ ಕಥೆ ವಾಟ್ಸ್‌ಆ್ಯಪ್‌ಗಿಂತ ಸಾವಿರ ವರ್ಷ ಹಳೆಯದು, ಹುಟ್ಟಿದ್ದು ಯುರೋಪಿನಲ್ಲಿ. ಹಳೆಯ ಇಂಗ್ಲಿಷಿನಲ್ಲಿ ಇಯರ್‌ವಿಗ್ ಎಂಬ ಪದದ ಮೂಲಾರ್ಥವೇ ‘ಕಿವಿಯ ಕೀಟ’. ಜರ್ಮನ್ ಭಾಷೆಯ ಹೆಸರಿನ ಅರ್ಥ ‘ಕಿವಿ ಹುಳ’, ಫ್ರೆಂಚಿನದು ‘ಕಿವಿ ಚುಚ್ಚುವುದು’. ಅಲ್ಲಿನ ಹಳ್ಳಿಗರಲ್ಲಿ ಈ ನಂಬಿಕೆ ಎಷ್ಟು ಬೇರೂರಿತ್ತೆಂದರೆ, 1758ರಲ್ಲಿ ಲಿನಿಯಸ್ ಯುರೋಪಿನ ಇಕ್ಕಳ ಹುಳಕ್ಕೆ ವೈಜ್ಞಾನಿಕ ಹೆಸರು ಕೊಡುವಾಗಲೂ ‘ಫಾರ್ಫಿಕ್ಯುಲಾ ಆರಿಕ್ಯುಲೇರಿಯಾ’ ಎಂದು ಕರೆದ. ಲ್ಯಾಟಿನ್‌ನಲ್ಲಿ ಮೊದಲ ಪದ ಪುಟ್ಟ ಕತ್ತರಿಯನ್ನು, ಎರಡನೆಯದು ಕಿವಿಯನ್ನು ಸೂಚಿಸುತ್ತದೆ.

ಇಪ್ಪತ್ತನೇ ಶತಮಾನದಲ್ಲಿ ಟಿವಿ ಇದಕ್ಕೆ ಉಪ್ಪು ಖಾರ ಹಚ್ಚಿತು. ‘ನೈಟ್ ಗ್ಯಾಲರಿ’ ಎಂಬ ಅಮೆರಿಕದ ಭಯಾನಕ ಕಥೆಗಳ ಧಾರಾವಾಹಿಯಲ್ಲಿ 1972ರಲ್ಲಿ ಒಂದು ಕಂತು ಬಂತು. ಅದರಲ್ಲಿ ಇಕ್ಕಳ ಹುಳವೊಂದು ಒಬ್ಬನ ಒಂದು ಕಿವಿಯಿಂದ ಹೊಕ್ಕು ಮಿದುಳು ಕೊರೆದು ಇನ್ನೊಂದು ಕಿವಿಯಿಂದ ಹೊರಬರುತ್ತದೆ, ಒಳಗೆ ಮೊಟ್ಟೆಯನ್ನೂ ಇಟ್ಟಿರುತ್ತದೆ. ಇಂದು ಸಂದೇಶಗಳಲ್ಲಿ ಬರುವ ‘ಮಿದುಳಿನಲ್ಲಿ ಮೊಟ್ಟೆ’ ಎಂಬ ಮಾತು ಆ ಕಥೆಯ ಪಡಿಯಚ್ಚು. ಅದು ಕಟ್ಟುಕಥೆ, ವೈದ್ಯಕೀಯ ವರದಿಯಲ್ಲ.

ನಮ್ಮಲ್ಲಿ ಇದೇ ಭಯ ಜರಿಯ ಮೇಲಿದೆ. ‘ನೆಲದ ಮೇಲೆ ಮಲಗಬೇಡ, ಜರಿ ಕಿವಿಗೆ ಹೋಗುತ್ತೆ’ ಎಂದು ಹಿರಿಯರು ಹೇಳುವುದನ್ನು ಕೇಳಿಯೇ ಇರುತ್ತೀರಿ. ಹೊರಗಿನಿಂದ ಬಂದ ಇಕ್ಕಳ ಹುಳದ ಕಥೆ ಇಲ್ಲಿ ಬೇಗ ಬೇರು ಬಿಟ್ಟದ್ದಕ್ಕೆ ಈ ಹಳೆಯ ಭಯವೂ ಕಾರಣ ಇರಬಹುದು.

ಕಿವಿಯಿಂದ ಮಿದುಳಿಗೆ ದಾರಿ ಇದೆಯೇ?

ಇಲ್ಲ. ಹೊರಗಿವಿಯ ನಾಳ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಕೊನೆಯಲ್ಲಿ ತಮಟೆ ಎಂಬ ಪೊರೆ ಬಾಗಿಲಿನಂತೆ ಮುಚ್ಚಿಕೊಂಡಿದೆ. ಅದರಾಚೆ ನಡುಗಿವಿ, ಅದರಾಚೆ ಗಟ್ಟಿ ಮೂಳೆ. ಮೂಳೆ ಕೊರೆಯುವ ಬಾಯಿಯಾಗಲಿ ಕೊಂಡಿಯಾಗಲಿ ಈ ಹುಳಕ್ಕಿಲ್ಲ. ಅದು ಮೊಟ್ಟೆ ಇಡುವುದು ಒದ್ದೆ ಮಣ್ಣಿನಲ್ಲಿ, ಕಲ್ಲಿನ ಅಡಿಯಲ್ಲಿ, ಕೊಳೆತ ಎಲೆಯ ಕೆಳಗೆ.

ಹಾಗಾದರೆ ಕಿವಿಗೆ ಹುಳ ಹೋಗುವುದೇ ಇಲ್ಲವೇ? ಹೋಗುತ್ತದೆ. ಆದರೆ ಹೋಗುವುದು ಸಾಮಾನ್ಯವಾಗಿ ಬೇರೆ ಹುಳ. ದಕ್ಷಿಣ ಆಫ್ರಿಕಾದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಿವಿಯಿಂದ ತೆಗೆದ 24 ಜೀವಿಗಳನ್ನು ಕೀಟತಜ್ಞರು ಗುರುತಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಅದರಲ್ಲಿ 10 ಜಿರಳೆಗಳೇ. ನಂತರದ ಸ್ಥಾನ ನೊಣಗಳದ್ದು, ಆಮೇಲೆ ದುಂಬಿಗಳದ್ದು. ಅಡುಗೆಮನೆಯಲ್ಲಿ ಕಾಣುವ ಸಣ್ಣ ಕಂದು ಜಿರಳೆ ಇಕ್ಕಟ್ಟಾದ ಬೆಚ್ಚನೆಯ ಸಂದು ಹುಡುಕುತ್ತದೆ, ಹಿಂದಕ್ಕೆ ನಡೆಯಲಾರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ಇಕ್ಕಳ ಹುಳವೂ ಯಾವಾಗಲಾದರೊಮ್ಮೆ ಹಾಗೆ ಹೋಗಬಹುದು. ಅದು ಆಕಸ್ಮಿಕ, ಅದಕ್ಕೆ ಕಿವಿಯ ಮೇಲೆ ವಿಶೇಷ ಪ್ರೀತಿಯೇನೂ ಇಲ್ಲ.

ನಿಜವಾಗಿಯೂ ಕಿವಿಗೆ ಹುಳ ಹೋದರೆ ಏನು ಮಾಡಬೇಕು?

ಈ ಬರಹದಲ್ಲಿ ನೆನಪಿಡಬೇಕಾದ ಮುಖ್ಯ ಭಾಗ ಇದು. ಜೀವ ಇರುವ ಹುಳ ತಮಟೆಯ ಹತ್ತಿರ ಒದ್ದಾಡಿದರೆ ತಲೆಯೊಳಗೆ ಡೋಲು ಬಡಿದ ಹಾಗೆ ಕೇಳುತ್ತದೆ, ನೋವೂ ಜೋರು. ಮಕ್ಕಳು ಕಿರುಚಾಡುತ್ತಾರೆ, ಮನೆಮಂದಿ ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲಿ ಮಾಡುವ ತಪ್ಪಿನಿಂದಲೇ ತಮಟೆಗೆ ಪೆಟ್ಟಾಗುವುದು.

ಮೊದಲು ಮಾಡಬೇಕಾದದ್ದು:

1. ಸಮಾಧಾನ ಮಾಡಿ, ಕೂರಿಸಿ. ಮಗು ಬೆರಳು ಹಾಕದಂತೆ ಕೈ ಹಿಡಿದುಕೊಳ್ಳಿ.
2. ಹುಳ ಹೋದ ಕಿವಿ ಮೇಲೆ ಬರುವಂತೆ ತಲೆ ವಾಲಿಸಿ. ದೊಡ್ಡವರಾದರೆ ಕಿವಿಯ ಹಾಲೆಯನ್ನು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಚಿಕ್ಕ ಮಕ್ಕಳಾದರೆ ಹಿಂದಕ್ಕೂ ಸ್ವಲ್ಪ ಕೆಳಕ್ಕೂ ಎಳೆಯಿರಿ. ಹೀಗೆ ಮಾಡಿದರೆ ನಾಳ ನೇರವಾಗುತ್ತದೆ.
3. ಕೊಬ್ಬರಿ ಎಣ್ಣೆ ಅಥವಾ ಅಡುಗೆ ಎಣ್ಣೆಯ ಕೆಲವು ಹನಿ ಬಿಡಿ. ಎಣ್ಣೆ ಮೈ ಬಿಸಿಯಷ್ಟೇ ಇರಲಿ. ಒಲೆಯ ಮೇಲೆ ಕಾಯಿಸಿದ ಎಣ್ಣೆ ಬೇಡ, ಸುಡುತ್ತದೆ. ತಣ್ಣಗಿನದೂ ಬೇಡ, ತಲೆ ಸುತ್ತು ಬರುತ್ತದೆ. ಎಣ್ಣೆಯಲ್ಲಿ ಹುಳ ಉಸಿರುಗಟ್ಟಿ ಸಾಯುತ್ತದೆ, ಒದ್ದಾಟ ನಿಲ್ಲುತ್ತದೆ.
4. ಹುಳ ತೇಲಿ ಹೊರಬಂದರೂ, ಬರದಿದ್ದರೂ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಅವರು ಊರಲ್ಲಿ ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಹೋಗಿ. ಹುಳದ ಕಾಲು, ರೆಕ್ಕೆ ಒಳಗೇ ಉಳಿದರೆ ಸೋಂಕಾಗಬಹುದು.

ಎಣ್ಣೆ ಹಾಕಲೇಬಾರದ ಸಂದರ್ಭಗಳೂ ಇವೆ. ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತು ಇದೆಯೆಂದು ಹಿಂದೆ ವೈದ್ಯರು ಹೇಳಿದ್ದರೆ, ಕಿವಿಗೆ ಶಸ್ತ್ರಚಿಕಿತ್ಸೆಯಾಗಿದ್ದರೆ ಅಥವಾ ಟ್ಯೂಬ್ ಹಾಕಿದ್ದರೆ, ರಕ್ತ ಬರುತ್ತಿದ್ದರೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಹೋಗಿ. ಎಣ್ಣೆಯ ಉಪಾಯ ಹುಳಕ್ಕೆ ಮಾತ್ರ ಎಂಬುದೂ ನೆನಪಿರಲಿ. ಮಗು ಕಾಳು, ಮಣಿ, ಗುಂಡಿಯಾಕಾರದ ಸೆಲ್ ಹಾಕಿಕೊಂಡಿದ್ದರೆ ಎಣ್ಣೆ, ನೀರು ಎರಡೂ ಬೇಡ. ಕಾಳು ನೆನೆದು ಉಬ್ಬುತ್ತದೆ. ಸೆಲ್ ಕೆಲವೇ ಗಂಟೆಗಳಲ್ಲಿ ಒಳಗಿನ ಚರ್ಮವನ್ನು ಸುಡುತ್ತದೆ, ಅದಕ್ಕೆ ತಡಮಾಡದೆ ಓಡಬೇಕು.

ಮಾಡಬಾರದ್ದು:

- ಇಯರ್‌ಬಡ್, ಹೇರ್‌ಪಿನ್, ಬೆಂಕಿಕಡ್ಡಿ, ಚಿಮಟ ಹಾಕಿ ಕೆದಕಬೇಡಿ. ಹುಳ ಇನ್ನೂ ಒಳಕ್ಕೆ ಹೋಗುತ್ತದೆ, ತಮಟೆ ಹರಿಯಬಹುದು.
- ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್, ಸೊಳ್ಳೆ ಔಷಧ ಬಿಡಬೇಡಿ. ಕಿವಿನಾಳದ ಚರ್ಮ ತೀರಾ ತೆಳು, ಸುಟ್ಟ ಗಾಯವಾಗುತ್ತದೆ.
- ಬೆಳ್ಳುಳ್ಳಿ, ಈರುಳ್ಳಿ ರಸ ಹಿಂಡಬೇಡಿ.
- ಮೊಬೈಲ್ ಟಾರ್ಚ್ ಹಿಡಿದರೆ ಹುಳ ಬೆಳಕಿಗೆ ಹೊರಬರುತ್ತದೆ ಎಂಬುದನ್ನೇ ನಂಬಿ ಕೂರಬೇಡಿ. ಬೆಳಕಿಗೆ ಬರುವ ಪತಂಗ ಬರಬಹುದು. ಕಿವಿಗೆ ಹೆಚ್ಚಾಗಿ ಹೋಗುವ ಜಿರಳೆ ಬೆಳಕು ಕಂಡರೆ ಕತ್ತಲೆಯ ಕಡೆಗೆ, ಅಂದರೆ ಇನ್ನೂ ಒಳಕ್ಕೆ ಸರಿಯುತ್ತದೆ.

ಜೋರು ನೋವು, ರಕ್ತ, ಕೀವು, ಕಿವಿ ಮಂದವಾಗುವುದು, ತಲೆ ಸುತ್ತುವುದು ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ನಿಜವಾಗಿ ಎಚ್ಚರ ಬೇಕಾದ ಹುಳ ಬೇರೆಯೇ ಇದೆ

ಇಕ್ಕಳ ಹುಳದ ಹಾಗೆಯೇ ಕಾಣುವ ಇನ್ನೊಂದು ಹುಳವಿದೆ. ಸುದ್ದಿಯಲ್ಲಿ ಇದನ್ನು ‘ಆ್ಯಸಿಡ್ ಫ್ಲೈ’ ಅಥವಾ ‘ನೈರೋಬಿ ಫ್ಲೈ’ ಎನ್ನುತ್ತಾರೆ. ಇದು ನೊಣವಲ್ಲ, ಪೀಡರಸ್ ಎಂಬ ಜಾತಿಯ ಪುಟ್ಟ ದುಂಬಿ. ಒಂದು ಸೆಂಟಿಮೀಟರಿನೊಳಗಿನ ಉದ್ದ, ಕಿತ್ತಳೆ ಮತ್ತು ಕಪ್ಪು ಬಣ್ಣದ ಪಟ್ಟೆ, ನಡುವೆ ನೀಲಿ-ಹಸಿರು ಹೊಳಪಿನ ಗಿಡ್ಡ ರೆಕ್ಕೆ ಮುಚ್ಚಳ. ಹಿಂಭಾಗದಲ್ಲಿ ಇಕ್ಕಳ ಇರುವುದಿಲ್ಲ. ಹೆದರಿದಾಗ ಬಾಲ ಎತ್ತುತ್ತದೆ. ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಹಾರಿ ಬರುತ್ತದೆ.

ಇದೂ ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಮೈಮೇಲೆ ಕೂತಾಗ ಹೊಸಕಿ ಬಿಟ್ಟರೆ ಅದರ ಮೈಯೊಳಗಿನ ಪೀಡರಿನ್ ಎಂಬ ದ್ರವ್ಯ ಚರ್ಮಕ್ಕೆ ತಾಗುತ್ತದೆ. ಅರ್ಧ ದಿನದಿಂದ ಎರಡು ದಿನದೊಳಗೆ ಗೆರೆ ಎಳೆದ ಹಾಗೆ ಕೆಂಪಗಾಗಿ, ಉರಿದು, ಗುಳ್ಳೆ ಏಳುತ್ತದೆ. ಆ ಕೈಯಲ್ಲಿ ಕಣ್ಣುಜ್ಜಿಕೊಂಡರೆ ಕಣ್ಣೂ ಊದುತ್ತದೆ. 2022ರ ಜುಲೈನಲ್ಲಿ ಸಿಕ್ಕಿಂನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸುಮಾರು ನೂರು ವಿದ್ಯಾರ್ಥಿಗಳಿಗೆ ಹೀಗಾಗಿ ದೇಶವೆಲ್ಲ ಸುದ್ದಿಯಾಯಿತು.

ಇದಕ್ಕೆ ಸೂತ್ರ ಸರಳ: ಹೊಡೆಯಬೇಡಿ, ಹೊಸಕಬೇಡಿ. ಬಾಯಿಂದ ಊದಿ ಅಥವಾ ಕಾಗದದ ಮೇಲೆ ಹತ್ತಿಸಿಕೊಂಡು ಆಚೆ ಹಾಕಿ. ತಾಗಿದ್ದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಿರಿ. ಗುಳ್ಳೆ ಎದ್ದರೆ, ಅದರಲ್ಲೂ ಕಣ್ಣಿನ ಹತ್ತಿರವಾದರೆ, ವೈದ್ಯರನ್ನು ಕಾಣಿ.

ಇಕ್ಕಳ ಹುಳದಿಂದ ಉಪಯೋಗವೂ ಇದೆ

ತೋಟದಲ್ಲಿ ಇದು ಕೊಳೆತ ಎಲೆ ತಿನ್ನುತ್ತದೆ, ಜತೆಗೆ ಸಸ್ಯಹೇನು, ಕೀಟಗಳ ಮೊಟ್ಟೆ, ಸಣ್ಣ ಮರಿಹುಳಗಳನ್ನೂ ತಿನ್ನುತ್ತದೆ. ತೆಂಗಿನ ಸುಳಿಯಲ್ಲಿ ವಾಸಿಸುವ ಕಪ್ಪು ಇಕ್ಕಳ ಹುಳವೊಂದಿದೆ. ಅದು ತೆಂಗಿಗೆ ಮಾರಿಯಾದ ಕೆಂಪು ಮೂತಿ ಹುಳದ ಮೊಟ್ಟೆ ಮತ್ತು ಎಳೆ ಮರಿಗಳನ್ನು ತಿನ್ನುವುದನ್ನು ನಮ್ಮ ದೇಶದ ಕೃಷಿ ವಿಜ್ಞಾನಿಗಳು ದಾಖಲಿಸಿದ್ದಾರೆ. ಎಲ್ಲ ಜಾತಿಗಳೂ ರೈತನ ಗೆಳೆಯರು ಎಂದಲ್ಲ. ಶೇಂಗಾ ಕಾಯಿಗೆ ತೂತು ಕೊರೆದು ಒಳಗಿನ ಕಾಳು ತಿನ್ನುವ ಜಾತಿಯೂ ಇದೆ, ಹೂವಿನ ಸಸಿಯ ಎಳೆ ಎಲೆ ಕೆರೆಯುವವೂ ಇವೆ.

ಇನ್ನೊಂದು ವಿಷಯ ಕೇಳಿದರೆ ಈ ಹುಳದ ಮೇಲಿನ ಸಿಟ್ಟು ಸ್ವಲ್ಪ ಇಳಿಯಬಹುದು. ಹೆಚ್ಚಿನ ಕೀಟಗಳು ಮೊಟ್ಟೆ ಇಟ್ಟು ಹೊರಟುಹೋಗುತ್ತವೆ. ಇಕ್ಕಳ ಹುಳದ ತಾಯಿ ಹಾಗಲ್ಲ. ಮಣ್ಣಿನ ಗೂಡಿನಲ್ಲಿ ಮೊಟ್ಟೆಗಳನ್ನು ಗುಡ್ಡೆ ಮಾಡಿ ಕಾಯುತ್ತದೆ, ಬೂಷ್ಟು ಹಿಡಿಯದಂತೆ ಒಂದೊಂದನ್ನೇ ನೆಕ್ಕಿ ಶುಚಿ ಮಾಡುತ್ತದೆ, ಮರಿಗಳು ಸ್ವಲ್ಪ ಬಲಿಯುವವರೆಗೂ ಜತೆಗಿರುತ್ತದೆ. ಹದಿನೆಂಟನೇ ಶತಮಾನದಲ್ಲೇ ಸ್ವೀಡನ್ನಿನ ಚಾರ್ಲ್ಸ್ ಡಿ ಗೀರ್ ಎಂಬ ಕೀಟತಜ್ಞ ಇದನ್ನು ಗಮನಿಸಿ ಬರೆದಿಟ್ಟಿದ್ದಾನೆ.

ಮನೆಯೊಳಗೆ ಯಾಕೆ ಬರುತ್ತದೆ?

ಮೂರು ಕಾರಣ: ತೇವ, ಕತ್ತಲೆ, ಸಂದು. ಜೋರು ಮಳೆಗೆ ಅದರ ಮಣ್ಣಿನ ಗೂಡಿಗೆ ನೀರು ನುಗ್ಗಿದಾಗ, ಕಡು ಬೇಸಿಗೆಯಲ್ಲಿ ಹೊರಗಿನ ತೇವ ಆರಿದಾಗ ಇದು ಜಾಗ ಹುಡುಕಿ ಹೊರಡುತ್ತದೆ. ಹೂಕುಂಡದ ಅಡಿ, ತೆಂಗಿನ ಸಿಪ್ಪೆಯ ರಾಶಿ, ಸೌದೆ, ಇಟ್ಟಿಗೆ ಗುಡ್ಡೆ, ಒದ್ದೆ ಗೋಣಿಚೀಲ, ಬಚ್ಚಲಿನ ಜಾಲರಿ ಅದಕ್ಕೆ ಇಷ್ಟದ ಜಾಗಗಳು. ಕೆಲವು ಜಾತಿಗಳು ರಾತ್ರಿ ದೀಪಕ್ಕೂ ಬರುತ್ತವೆ. ಒಣಗಿದ ಕೋಣೆಯಲ್ಲಿ ಅದು ಹೆಚ್ಚು ದಿನ ಬದುಕುವುದಿಲ್ಲ. ಆದ್ದರಿಂದ ಮನೆಯಲ್ಲಿ ಪದೇ ಪದೇ ಕಾಣುತ್ತಿದ್ದರೆ ‘ಎಲ್ಲೋ ನೀರು ಸೋರುತ್ತಿದೆ ನೋಡು’ ಎಂದು ಅದು ತಿಳಿಸುತ್ತಿದೆ ಎಂದುಕೊಳ್ಳಿ.

ಹಣ ಖರ್ಚಿಲ್ಲದೆ ದೂರ ಇಡುವುದು ಹೇಗೆ?

- ತೇವ ತೆಗೆಯಿರಿ. ಸೋರುವ ನಲ್ಲಿ, ಸಿಂಕಿನ ಪೈಪು ಸರಿ ಮಾಡಿಸಿ. ರಾತ್ರಿ ಮಲಗುವ ಮುಂಚೆ ಬಚ್ಚಲಿನ ನೀರು ಎಳೆದು ಒಣಗಲು ಬಿಡಿ. ನೆಲ ಒರೆಸುವ ಒದ್ದೆ ಬಟ್ಟೆ, ಕಾಲೊರೆಸುವ ಮ್ಯಾಟು ಬಿಸಿಲಿಗೆ ಹಾಕಿ.
- ಗೋಡೆಯ ಬುಡ ಖಾಲಿ ಇಡಿ. ಕುಂಡ, ಸೌದೆ, ತರಗೆಲೆ, ತೆಂಗಿನ ಸಿಪ್ಪೆ ಗೋಡೆಗೆ ತಾಗದಂತೆ ಒಂದೆರಡು ಅಡಿ ದೂರ ಸರಿಸಿ. ಕುಂಡದ ಕೆಳಗೆ ಇಟ್ಟಿಗೆ ಚೂರು ಇಟ್ಟು ಗಾಳಿಯಾಡಲು ಬಿಡಿ. ಗಿಡಕ್ಕೆ ಸಂಜೆಗಿಂತ ಬೆಳಿಗ್ಗೆ ನೀರು ಹಾಕಿದರೆ ರಾತ್ರಿಯೊಳಗೆ ಮೇಲ್ಮಣ್ಣು ಆರುತ್ತದೆ.
- ಸಂದು ಮುಚ್ಚಿ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಸೊಳ್ಳೆ ಪರದೆ, ಬಚ್ಚಲಿನ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಗೋಡೆಯ ಬಿರುಕಿಗೆ ಸಿಮೆಂಟ್ ತುಂಬಿಸಿ.
- ಬೆಳಕು ಕಡಿಮೆ ಮಾಡಿ. ಹೊರಗಿನ ಬಿಳಿ ದೀಪದ ಬದಲು ಹಳದಿ ದೀಪ ಹಾಕಿ, ಬೇಡದಾಗ ಆರಿಸಿ. ಆ್ಯಸಿಡ್ ಫ್ಲೈ ಕಾಟವೂ ಇದರಿಂದ ತಗ್ಗುತ್ತದೆ.
- ಪೇಪರ್ ಬಲೆ ಇಡಿ. ಹಳೆಯ ದಿನಪತ್ರಿಕೆಯನ್ನು ಸಡಿಲವಾಗಿ ಸುರುಳಿ ಸುತ್ತಿ, ಸ್ವಲ್ಪ ಒದ್ದೆ ಮಾಡಿ, ಸಂಜೆ ಹುಳ ಕಾಣುವ ಜಾಗದಲ್ಲಿಡಿ. ಬೆಳಗಾಗುವಾಗ ಅವು ಅಡಗಲು ಅದರೊಳಗೆ ಸೇರುತ್ತವೆ. ಬೆಳಿಗ್ಗೆ ಸೋಪು ನೀರಿನ ಬಕೆಟ್ಟಿಗೆ ಕೊಡವಿ, ಕೊಲ್ಲಲು ಮನಸ್ಸಿಲ್ಲದಿದ್ದರೆ ದೂರದ ಗಿಡದ ಬುಡಕ್ಕೆ ಬಿಡಿ. ಒಂದು ವಾರ ಹೀಗೆ ಮಾಡಿದರೆ ಸಂಖ್ಯೆ ಇಳಿಯುವುದು ಕಣ್ಣಿಗೆ ಕಾಣುತ್ತದೆ.
- ಒಂದೆರಡು ಕಂಡರೆ ಪೊರಕೆ ಸಾಕು. ಮೊರಕ್ಕೆ ಗುಡಿಸಿ ಹೊರಗೆ ಹಾಕಿ.

ಇವನ್ನು ಮಾತ್ರ ಮಾಡಬೇಡಿ

ಹೊಲಕ್ಕೆ ಹೊಡೆಯುವ ಕೀಟನಾಶಕ ಮಿಕ್ಕಿದೆಯೆಂದು ಮನೆಯೊಳಗೆ ಸಿಂಪಡಿಸಬೇಡಿ. ಅದು ಬಯಲಿಗೆಂದು ಮಾಡಿದ ವಿಷ. ಮುಚ್ಚಿದ ಕೋಣೆಯಲ್ಲಿ ಮಕ್ಕಳು, ಬಸುರಿಯರು, ಉಬ್ಬಸ ಇರುವವರು ಅದನ್ನೇ ಉಸಿರಾಡಬೇಕಾಗುತ್ತದೆ. ಗೋಡೆಯ ಬುಡಕ್ಕೆ ಗೆರೆ ಎಳೆಯುವ ಇರುವೆ-ಜಿರಳೆ ಚಾಕ್‌ಪೀಸ್‌ನಲ್ಲೂ ಕೀಟನಾಶಕವೇ ಇರುತ್ತದೆ. ನೋಡಲು ಬಳಪದ ಹಾಗಿರುವುದರಿಂದ ಮಕ್ಕಳು ಬಾಯಿಗೆ ಹಾಕುವ ಅಪಾಯ ಹೆಚ್ಚು. ಮಗು ತಿಂದಿದೆ ಎಂಬ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗದೆ, ಪೊಟ್ಟಣದ ಸಮೇತ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಬಚ್ಚಲಿನ ಹುಳ ಸಾಯಲಿ ಎಂದು ಬ್ಲೀಚಿಂಗ್ ಪೌಡರ್ ಜತೆ ಟಾಯ್ಲೆಟ್ ಆ್ಯಸಿಡ್ ಬೆರೆಸುವುದಂತೂ ಬೇಡವೇ ಬೇಡ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಬಚ್ಚಲಿನಲ್ಲಿ ಅದು ಉಸಿರು ಕಟ್ಟಿಸಿ ಪ್ರಾಣಕ್ಕೇ ತರಬಹುದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಆ ಹಳೆಯ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಕಳಿಸಿದವರ ಮೇಲೆ ರೇಗಬೇಡಿ. ಮನೆಯವರಿಗೆ ಒಳ್ಳೆಯದಾಗಲಿ ಎಂದೇ ಅವರು ಕಳಿಸಿರುತ್ತಾರೆ. ಉತ್ತರವಾಗಿ ಈ ನಾಲ್ಕು ಸಾಲು ಹಾಕಿ:

*ಬಾಲದಲ್ಲಿ ಇಕ್ಕಳ ಇರುವ ಹುಳಕ್ಕೆ ವಿಷವಿಲ್ಲ. ಅದು ಮಿದುಳಿಗೆ ಹೋಗುವುದಿಲ್ಲ, ಅಲ್ಲಿ ಮೊಟ್ಟೆ ಇಡುವುದಿಲ್ಲ.*
*ಯಾವುದೇ ಹುಳ ಕಿವಿಗೆ ಹೋದರೆ ಕೆದಕಬೇಡಿ, ಸೀಮೆಎಣ್ಣೆ ಬಿಡಬೇಡಿ. ಕಿವಿ ಸೋರುವವರಲ್ಲದಿದ್ದರೆ, ತಮಟೆಯಲ್ಲಿ ತೂತು ಅಥವಾ ಟ್ಯೂಬ್ ಇಲ್ಲದಿದ್ದರೆ, ಮೈ ಬಿಸಿಯಷ್ಟಿರುವ ಕೊಬ್ಬರಿ ಎಣ್ಣೆ ಕೆಲವು ಹನಿ ಹಾಕಿ ವೈದ್ಯರ ಹತ್ತಿರ ಹೋಗಿ.*
*ಕಿತ್ತಳೆ-ಕಪ್ಪು ಪಟ್ಟೆಯ ಪುಟ್ಟ ಹುಳ ಮೈಮೇಲೆ ಕೂತರೆ ಹೊಸಕದೆ ಊದಿಬಿಡಿ.*
*ಮನೆಯಲ್ಲಿ ಹುಳ ಹೆಚ್ಚಾದರೆ ವಿಷ ಹೊಡೆಯುವ ಮುಂಚೆ ನೀರು ಎಲ್ಲಿ ಸೋರುತ್ತಿದೆ ನೋಡಿ.*